ಫೋನಿನೊಳಗಿನ ಹಣ: ಆನ್‌ಲೈನ್ ಖಾತೆಗಳ ಭದ್ರತೆಯ ಸಮೀಕ್ಷೆ

ಬ್ಯಾಂಕ್ ಖಾತೆಗೆ ಸಂಬಂಧಿಸಿದ ಮಾಹಿತಿಯಲ್ಲಿ ಮೂರು ಬಗೆ. ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಕೋಡ್, ಯುಪಿಐ ಐಡಿ ಮೊದಲ ಬಗೆಯವು. ಹಣ ಕಳಿಸುವವರಿಗೆ ಇವನ್ನು ಕೊಡಲೇಬೇಕು. ಚೆಕ್ ಹಾಳೆಯ ಮೇಲೂ ಖಾತೆ ಸಂಖ್ಯೆ ಅಚ್ಚಾಗಿರುತ್ತದೆ. ಇವಷ್ಟರಿಂದಲೇ ಯಾರೂ ಹಣ ತೆಗೆಯಲಾರರು. ಪಾಸ್‌ವರ್ಡ್, ಪಿನ್, ಒಟಿಪಿ, ಕಾರ್ಡಿನ ಹಿಂಬದಿಯ ಸಿವಿವಿ ಎರಡನೆಯ ಬಗೆ. ಖಾತೆದಾರರನ್ನು ಬಿಟ್ಟು ಬೇರೆ ಯಾರಿಗೂ, ಬ್ಯಾಂಕಿನ ಸಿಬ್ಬಂದಿಗೂ, ಇವು ತಿಳಿಯಬಾರದು. ಹುಟ್ಟಿದ ದಿನಾಂಕ, ಪ್ಯಾನ್, ಆಧಾರ್ ಸಂಖ್ಯೆ, ಡೆಬಿಟ್ ಕಾರ್ಡಿನ ಸಂಖ್ಯೆ ಮತ್ತು ಅವಧಿ, ಬ್ಯಾಂಕಿನಲ್ಲಿ ನೋಂದಾಯಿಸಿದ ಮೊಬೈಲ್ ನಂಬರು ಮೂರನೆಯ ಬಗೆ. ಇವು ಗುಟ್ಟೂ ಅಲ್ಲ, ಬಹಿರಂಗವೂ ಅಲ್ಲ. ಲಾಡ್ಜಿನ ರಿಜಿಸ್ಟರಿನಿಂದ ಹಿಡಿದು ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನವರೆಗೆ ಹತ್ತಾರು ಕಡೆ ಚದುರಿಕೊಂಡಿರುತ್ತವೆ.

ಎಚ್ಚರಿಕೆಯ ಮಾತೆಲ್ಲ ಸಾಮಾನ್ಯವಾಗಿ ಎರಡನೆಯ ಬಗೆಯ ಸುತ್ತಲೇ ಸುತ್ತುತ್ತದೆ. ಆದರೆ ಮೂರನೆಯ ಬಗೆಯ ಮಾಹಿತಿ ಕೈಸೇರಿದರೆ ಎರಡನೆಯದನ್ನು ಹೊಸದಾಗಿ ಪಡೆದುಕೊಳ್ಳಬಹುದು. ಡೆಬಿಟ್ ಕಾರ್ಡಿನ ಕೊನೆಯ 6 ಅಂಕೆ, ಅದರ ಅವಧಿ ಮುಗಿಯುವ ತಿಂಗಳು ಮತ್ತು ವರ್ಷ, ನೋಂದಾಯಿತ ನಂಬರಿಗೆ ಬರುವ ಒಟಿಪಿ, ಇಷ್ಟಿದ್ದರೆ ಅನೇಕ ಬ್ಯಾಂಕುಗಳಲ್ಲಿ ಹೊಸ ಯುಪಿಐ ಪಿನ್ ಇಟ್ಟುಕೊಳ್ಳಬಹುದು. ಹಳೆಯ ಪಿನ್ ಗೊತ್ತಿರಬೇಕಿಲ್ಲ. ಕೆಲವು ಬ್ಯಾಂಕುಗಳು ಎಟಿಎಂ ಪಿನ್ ಕೂಡ ಕೇಳುತ್ತವೆ. ಪಿನ್ ಮರೆತವರ ಅನುಕೂಲಕ್ಕೆಂದು ಮಾಡಿದ ದಾರಿ ಕದಿಯುವವರಿಗೂ ಅನುಕೂಲವಾಗಿಯೇ ಇದೆ. ಆದ್ದರಿಂದ ಖಾತೆ ಎಷ್ಟು ಭದ್ರ ಎಂದು ತಿಳಿಯಲು ಪಾಸ್‌ವರ್ಡ್ ಎಷ್ಟು ಗಟ್ಟಿ ಎಂದು ನೋಡಿದರೆ ಸಾಲದು. ಅದನ್ನು ಬದಲಿಸುವ ಅಧಿಕಾರ ಯಾವ ಫೋನಿಗೆ, ಯಾವ ನಂಬರಿಗೆ, ಯಾವ ಇಮೇಲಿಗೆ ಸಿಕ್ಕಿದೆ ಎಂದೂ ನೋಡಬೇಕು.

ಕಾವಲಿನ ಪದರಗಳು

ಕಂಪ್ಯೂಟರಿಗೆ ಪಾಸ್‌ವರ್ಡ್ ಬಂದದ್ದು 1960ರ ದಶಕದಲ್ಲಿ, ಅಮೆರಿಕದ ಎಂಐಟಿಯಲ್ಲಿ ಹಲವರು ಒಂದೇ ಯಂತ್ರವನ್ನು ಹಂಚಿಕೊಂಡು ಬಳಸತೊಡಗಿದಾಗ. ಒಬ್ಬರ ಕಡತ ಇನ್ನೊಬ್ಬರ ಕಣ್ಣಿಗೆ ಬೀಳದಿರಲಿ ಎಂಬಷ್ಟೇ ಅದರ ಉದ್ದೇಶ. ಅದೇ ಉಪಾಯ ಮುಂದೆ ಬ್ಯಾಂಕಿಂಗಿಗೆ ಬಂದಾಗ ಅದರ ದೌರ್ಬಲ್ಯವೂ ಜತೆಗೇ ಬಂತು: ಪಾಸ್‌ವರ್ಡ್ ಹೇಳಿದವರೆಲ್ಲ ಯಂತ್ರದ ಪಾಲಿಗೆ ಖಾತೆದಾರರೇ.

ಭಾರತದಲ್ಲಿ ಈ ಕೊರತೆ ತುಂಬಲು ರಿಸರ್ವ್ ಬ್ಯಾಂಕ್ ಎರಡನೆಯ ದೃಢೀಕರಣವನ್ನು ಕಡ್ಡಾಯ ಮಾಡಿತು. 2009ರ ಆಗಸ್ಟ್‌ನಿಂದ, ಕಾರ್ಡಿನ ಮೇಲೆ ಅಚ್ಚಾಗಿರುವ ವಿವರವಷ್ಟನ್ನೇ ತುಂಬಿ ಆನ್‌ಲೈನ್ ಖರೀದಿ ಮಾಡುವುದು ಸಾಧ್ಯವಿಲ್ಲವಾಯಿತು. ಕಾರ್ಡಿನ ಮೇಲಿಲ್ಲದ ಇನ್ನೊಂದು ಗುಟ್ಟು ಬೇಕಾಯಿತು. ಬರಬರುತ್ತ ಮೊಬೈಲಿಗೆ ಬರುವ ಒಟಿಪಿಯೇ ಆ ಜಾಗದಲ್ಲಿ ನೆಲೆಯೂರಿತು. ಬೇರೆ ಅನೇಕ ದೇಶಗಳಲ್ಲಿ ಕಾರ್ಡಿನ ಸಂಖ್ಯೆ ಕದ್ದರೆ ಖರೀದಿ ಮಾಡಬಹುದಾಗಿದ್ದ ಕಾಲದಲ್ಲಿ ಭಾರತದ ಒಳಗಿನ ವ್ಯವಹಾರಕ್ಕೆ ಈ ಕಾವಲು ಸಿಕ್ಕಿತ್ತು. ವಿದೇಶಿ ಜಾಲತಾಣಗಳಿಗೆ ಮಾತ್ರ ಈ ನಿಯಮ ತಾಗಲಿಲ್ಲ. ಆ ಕಿಂಡಿಯನ್ನು ಮುಚ್ಚಲು 2020ರ ಅಕ್ಟೋಬರ್‌ನಿಂದ ಹೊಸ ಕಾರ್ಡುಗಳು ದೇಶದೊಳಗಿನ ಎಟಿಎಂ ಮತ್ತು ಸ್ವೈಪ್ ಯಂತ್ರಗಳಿಗಷ್ಟೇ ತೆರೆದುಕೊಂಡು ಬರುತ್ತವೆ. ಆನ್‌ಲೈನ್ ಬಳಕೆ, ವಿದೇಶಿ ಬಳಕೆ, ತಾಗಿಸಿ ಪಾವತಿಸುವ ಸೌಲಭ್ಯ ಬೇಕಾದರೆ ಗ್ರಾಹಕರೇ ತೆರೆದುಕೊಳ್ಳಬೇಕು. 2022ರ ಅಕ್ಟೋಬರ್ 1ರಿಂದ ಆನ್‌ಲೈನ್ ಅಂಗಡಿಗಳು ಕಾರ್ಡಿನ ಪೂರ್ಣ ಸಂಖ್ಯೆಯನ್ನು ಇಟ್ಟುಕೊಳ್ಳುವಂತಿಲ್ಲ. ಅದರ ಬದಲಿಗೆ ಆ ಅಂಗಡಿಗಷ್ಟೇ ಸಲ್ಲುವ ಟೋಕನ್ ಒಂದಿರುತ್ತದೆ. ಅದು ಕಳುವಾದರೂ ಬೇರೆಡೆ ಕೆಲಸಕ್ಕೆ ಬಾರದು.

2016ರ ಏಪ್ರಿಲ್‌ನಲ್ಲಿ ಉದ್ಘಾಟನೆಯಾದ ಯುಪಿಐ ಇನ್ನೊಂದು ಪದರ ಸೇರಿಸಿತು. ಆ್ಯಪ್ ಹಾಕಿಕೊಂಡ ಕೂಡಲೇ ಫೋನಿನಿಂದ ತಾನಾಗಿಯೇ ಒಂದು ಎಸ್‌ಎಂಎಸ್ ಹೋಗುತ್ತದೆ. ಖಾತೆಗೆ ಜೋಡಿಸಿದ ಸಿಮ್ ಇದೇ ಫೋನಿನಲ್ಲಿದೆ ಎಂದು ಬ್ಯಾಂಕಿನ ಕಡೆಯವರಿಗೆ ಅದರಿಂದ ಖಚಿತವಾಗುತ್ತದೆ. ಹಾಗಾಗಿ ಯುಪಿಐ ಪಾವತಿಗೆ ಸಾಮಾನ್ಯವಾಗಿ ಸಿಮ್ ಇರುವ ಫೋನು ಮತ್ತು 4 ಅಥವಾ 6 ಅಂಕೆಯ ಪಿನ್ ಎರಡೂ ಬೇಕು. ಬೇರೆ ಊರಿನಲ್ಲಿ ಕುಳಿತವನಿಗೆ ಪಿನ್ ಒಂದೇ ತಿಳಿದರೆ ಪ್ರಯೋಜನವಿಲ್ಲ. ಪಿನ್ ಇಲ್ಲದೆ ಹಣ ಹೋಗುವ ಯುಪಿಐ ಲೈಟ್‌ನಲ್ಲಿ ಒಂದು ಬಾರಿಗೆ 1,000 ರೂಪಾಯಿ, ಒಟ್ಟು ಇಟ್ಟುಕೊಳ್ಳಬಹುದಾದ ಮೊತ್ತ 5,000 ರೂಪಾಯಿ ಎಂಬ ಮಿತಿ ಇರುವುದರಿಂದ ಫೋನು ಕಳೆದರೂ ಆ ದಾರಿಯಲ್ಲಿ ಹೋಗುವ ಹಣಕ್ಕೆ ಒಂದು ಮೇರೆ ಇದೆ.

ಕಳವಿನ ದಾರಿಗಳು

ಪ್ರತಿ ಪದರವೂ ಒಂದು ದಾರಿ ಮುಚ್ಚಿದಂತೆ ವಂಚಕರು ಮುಂದಿನ ದಾರಿ ಹಿಡಿದರು. ಬ್ಯಾಂಕಿನ ಬೀಗ ಒಡೆಯುವ ಕಷ್ಟಕ್ಕಿಂತ ಖಾತೆದಾರರಿಂದಲೇ ಬಾಗಿಲು ತೆರೆಸುವುದು ಅವರಿಗೆ ಸಲೀಸಾಯಿತು. ಕೆವೈಸಿ ಅವಧಿ ಮುಗಿದಿದೆ, ಇವತ್ತೇ ಖಾತೆ ನಿಲ್ಲುತ್ತದೆ ಎಂದು ಬ್ಯಾಂಕ್ ಮ್ಯಾನೇಜರ್ ಸೋಗಿನಲ್ಲಿ ಫೋನು ಮಾಡಿ ಒಟಿಪಿ ಕೇಳುವುದು ಇದರ ಹಳೆಯ ರೂಪ. ಈ ದಂಧೆಯಿಂದಲೇ ಜಾರ್ಖಂಡಿನ ಜಾಮತಾರಾ ಜಿಲ್ಲೆಯ ಹೆಸರು ದೇಶಕ್ಕೆಲ್ಲ ಪರಿಚಯವಾಯಿತು. ವಿದ್ಯುತ್ ಬಿಲ್ ಬಾಕಿ, ಕೊರಿಯರ್ ವಿಳಾಸ ತಪ್ಪು, ಕ್ರೆಡಿಟ್ ಕಾರ್ಡಿನ ಪಾಯಿಂಟು ಮುಗಿಯುತ್ತಿವೆ ಎಂಬ ಮೆಸೇಜುಗಳ ಲಿಂಕ್ ಒತ್ತಿದರೆ ಬ್ಯಾಂಕಿನದೇ ಪಡಿಯಚ್ಚಿನಂಥ ನಕಲಿ ಪುಟ ತೆರೆಯುತ್ತದೆ. ಅಲ್ಲಿ ತುಂಬಿದ ಪಾಸ್‌ವರ್ಡ್ ಮತ್ತು ಒಟಿಪಿಯನ್ನು ವಂಚಕ ಆ ಕ್ಷಣವೇ ಅಸಲಿ ಪುಟದಲ್ಲಿ ತುಂಬುತ್ತಾನೆ.

ಹಣ ಬರುತ್ತದೆ ಎಂದು ನಂಬಿಸಿ ಕೊಡಿಸಿಕೊಳ್ಳುವುದು ಯುಪಿಐ ಕಾಲದ ತಂತ್ರ. ಹಳೆಯ ಸೋಫಾ, ಬೈಕು ಮಾರಲು ಆನ್‌ಲೈನಿನಲ್ಲಿ ಜಾಹೀರಾತು ಹಾಕಿದವರಿಗೆ ವಂಚಕ ಕೊಳ್ಳುವವನಂತೆ ಫೋನು ಮಾಡಿ ಕ್ಯೂಆರ್ ಕೋಡ್ ಕಳಿಸುತ್ತಾನೆ. ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಹಣ ಜಮೆಯಾಗುತ್ತದೆ ಎನ್ನುತ್ತಾನೆ. ಹಣ ಪಡೆಯಲು ಪಿನ್ ಒತ್ತುವ ಅಗತ್ಯ ಯುಪಿಐನಲ್ಲಿ ಎಂದೂ ಇಲ್ಲ. ಪಿನ್ ಕೇಳಿದ ಪರದೆಯೆಂದರೆ ಹಣ ಹೋಗುವ ಪರದೆ ಅಥವಾ ಬ್ಯಾಲೆನ್ಸ್ ತೋರಿಸುವ ಪರದೆ. ವ್ಯಕ್ತಿಯೊಬ್ಬ ಇನ್ನೊಬ್ಬನಿಗೆ ಹಣ ಕೊಡು ಎಂದು ಕೋರಿಕೆ ಕಳಿಸುವ ಸೌಲಭ್ಯವೇ ಇಂಥ ಮೋಸಕ್ಕೆ ಬಳಕೆಯಾಗುತ್ತಿದ್ದುದರಿಂದ ಯುಪಿಐ ನಡೆಸುವ ಎನ್‌ಪಿಸಿಐ ಸಂಸ್ಥೆ 2025ರ ಅಕ್ಟೋಬರ್ 1ರಿಂದ ಅದನ್ನು ನಿಲ್ಲಿಸಿತು.

ಒಟಿಪಿ ಹೇಳಬಾರದೆಂದು ಜನ ಕಲಿತ ಮೇಲೆ, ಕೇಳದೆಯೇ ಓದುವ ಉಪಾಯ ಬಂತು. ದೂರದಿಂದ ಪರದೆ ನೋಡಲು ಬಿಡುವ ಆ್ಯಪುಗಳ ದುರುಪಯೋಗದ ಬಗ್ಗೆ ರಿಸರ್ವ್ ಬ್ಯಾಂಕ್ 2019ರಲ್ಲೇ ಎಚ್ಚರಿಸಿತ್ತು. ಈಗ ವಾಟ್ಸ್‌ಆ್ಯಪಿನಲ್ಲಿ ಮದುವೆಯ ಕರೆಯೋಲೆ, ಟ್ರಾಫಿಕ್ ದಂಡದ ಚಲನ್, ಸರ್ಕಾರಿ ಯೋಜನೆಯ ಅರ್ಜಿ ಎಂಬ ಹೆಸರಿನಲ್ಲಿ ಎಪಿಕೆ ಕಡತ ಬರುತ್ತದೆ. ಕರೆಯೋಲೆ ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಬರುತ್ತದೆಯೇ ಹೊರತು ಎಪಿಕೆ ಆಗಿ ಬರುವುದಿಲ್ಲ. ಎಪಿಕೆ ಎಂದರೆ ಆ್ಯಂಡ್ರಾಯ್ಡ್ ಫೋನಿನಲ್ಲಿ ತಂತ್ರಾಂಶ ಕೂರಿಸುವ ಕಡತ. ಅದು ಎಸ್‌ಎಂಎಸ್ ಓದುವ ಅನುಮತಿ ಪಡೆದರೆ ಒಟಿಪಿಗಳೆಲ್ಲ ಬೇರೆ ಕೈಗೆ ಹೋಗುತ್ತವೆ.

ಸಿಮ್ ಬದಲಿಸುವ ಮೋಸದಲ್ಲಿ ಫೋನಿಗೆ ಕೈಹಾಕುವುದೂ ಬೇಡ. ನಕಲಿ ದಾಖಲೆ ಕೊಟ್ಟು ಅದೇ ನಂಬರಿನ ಹೊಸ ಸಿಮ್ ಪಡೆದರೆ ಹಳೆಯದು ಸತ್ತು ಒಟಿಪಿ ಹೊಸದಕ್ಕೆ ಬರುತ್ತದೆ. ಈ ಕಾರಣಕ್ಕೆ ಸಿಮ್ ಬದಲಾದ ಮೇಲೆ 24 ಗಂಟೆ ಅದರಲ್ಲಿ ಎಸ್‌ಎಂಎಸ್ ಸೌಲಭ್ಯ ತಡೆಯುವ ನಿಯಮವಿದೆ. 2024ರ ಜುಲೈ 1ರಿಂದ, ಬದಲಿಸಿದ ಸಿಮ್‌ನ ನಂಬರನ್ನು 7 ದಿನ ಬೇರೆ ಕಂಪನಿಗೆ ಪೋರ್ಟ್ ಮಾಡಿಸಲು ಬರುವುದಿಲ್ಲ. ಊರಿನವರೆಲ್ಲರ ಫೋನಿಗೆ ಸಿಗ್ನಲ್ ಇದ್ದು ಒಂದೇ ಫೋನಿಗೆ ಗಂಟೆಗಟ್ಟಲೆ ಇಲ್ಲವಾದರೆ ಅದನ್ನು ನೆಟ್‌ವರ್ಕಿನ ತೊಂದರೆ ಎಂದು ಬಿಡಬಾರದು.

ಬೆರಳಚ್ಚಿನ ಕಳವು ಇವೆಲ್ಲಕ್ಕಿಂತ ಬೇರೆ. ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು ಇದ್ದರೆ ಹಣ ತೆಗೆಯಬಹುದು. ಪಿನ್ನೂ ಒಟಿಪಿಯೂ ಬೇಡ. ಹಳ್ಳಿಯಲ್ಲಿ ಬ್ಯಾಂಕ್ ಮಿತ್ರರ ಬಳಿ ಪಿಂಚಣಿ ಪಡೆಯುವವರಿಗೆ ಇದು ದೊಡ್ಡ ಉಪಕಾರ. ಆದರೆ 2023ರಲ್ಲಿ ಕರ್ನಾಟಕದಲ್ಲೂ ಹಲವರ ಖಾತೆಯಿಂದ ಈ ದಾರಿಯಲ್ಲಿ ಹಣ ಹೋಯಿತು. ಆಸ್ತಿ ನೋಂದಣಿ ಪತ್ರಗಳ ಪ್ರತಿಯಲ್ಲಿದ್ದ ಹೆಬ್ಬೆಟ್ಟಿನ ಗುರುತಿನಿಂದ ನಕಲಿ ಬೆರಳಚ್ಚು ತಯಾರಿಸಿದ್ದು ತನಿಖೆಯಲ್ಲಿ ಕಂಡುಬಂತು. ಪಾಸ್‌ವರ್ಡ್ ಸೋರಿದರೆ ಬದಲಿಸಬಹುದು, ಬೆರಳನ್ನು ಬದಲಿಸಲಾಗದು. ಎಂಆಧಾರ್ ಆ್ಯಪಿನಲ್ಲೋ ಆಧಾರ್ ಪ್ರಾಧಿಕಾರದ ಜಾಲತಾಣದಲ್ಲೋ ಬಯೋಮೆಟ್ರಿಕ್ ಲಾಕ್ ಹಾಕಿಟ್ಟು, ಪಡಿತರಕ್ಕೋ ನೋಂದಣಿಗೋ ಬೇಕಾದಾಗಷ್ಟೇ ತೆರೆಯುವುದು ಇದಕ್ಕಿರುವ ಪರಿಹಾರ.

ಕೊನೆಯದು ಬೆದರಿಕೆಯ ದಾರಿ. ಪೊಲೀಸ್, ಸಿಬಿಐ, ಕಸ್ಟಮ್ಸ್ ಅಧಿಕಾರಿಯ ವೇಷದಲ್ಲಿ ವಿಡಿಯೊ ಕರೆ ಮಾಡಿ, ನಿಮ್ಮ ಹೆಸರಿನ ಪಾರ್ಸೆಲಿನಲ್ಲಿ ಮಾದಕವಸ್ತು ಸಿಕ್ಕಿದೆ ಎಂದು ಹೆದರಿಸಿ, ಕ್ಯಾಮೆರಾ ಮುಂದಿನಿಂದ ಏಳದಂತೆ ಕೂರಿಸುವ ಈ ಮೋಸಕ್ಕೆ ಡಿಜಿಟಲ್ ಅರೆಸ್ಟ್ ಎಂಬ ಹೆಸರು ಬಿದ್ದಿದೆ. ಭಾರತದ ಯಾವ ಕಾನೂನಿನಲ್ಲೂ ಅಂಥ ಬಂಧನವಿಲ್ಲ. ಇಲ್ಲಿ ಪಾಸ್‌ವರ್ಡನ್ನು ಯಾರೂ ಕದಿಯುವುದಿಲ್ಲ. ಹೆದರಿದ ಖಾತೆದಾರರೇ ಬ್ಯಾಂಕಿಗೆ ಹೋಗಿ ಠೇವಣಿ ಮುರಿಸಿ ಹಣ ವರ್ಗಾಯಿಸುತ್ತಾರೆ.

ಬ್ಯಾಂಕಿನ ಕಡೆಯ ಬಿರುಕು

ಗ್ರಾಹಕರು ಎಷ್ಟೇ ಜಾಗ್ರತೆ ವಹಿಸಿದರೂ ಅವರ ಕೈಮೀರಿದ ಸೋರಿಕೆಗಳಿವೆ. 2016ರಲ್ಲಿ ಎಟಿಎಂ ಸೇವೆ ಒದಗಿಸುವ ಕಂಪನಿಯೊಂದರ ಜಾಲಕ್ಕೆ ಕುತಂತ್ರಾಂಶ ಹೊಕ್ಕು ಸುಮಾರು 32 ಲಕ್ಷ ಡೆಬಿಟ್ ಕಾರ್ಡುಗಳ ಮಾಹಿತಿ ಅಪಾಯಕ್ಕೆ ಸಿಲುಕಿತು. ಬ್ಯಾಂಕುಗಳು ಕಾರ್ಡು ಬದಲಿಸಿಕೊಡಬೇಕಾಯಿತು. 2018ರ ಆಗಸ್ಟ್‌ನಲ್ಲಿ ಪುಣೆಯ ಕಾಸ್ಮೋಸ್ ಸಹಕಾರಿ ಬ್ಯಾಂಕಿನ ಎಟಿಎಂ ವ್ಯವಸ್ಥೆಗೆ ನುಗ್ಗಿದವರು ಹಲವು ದೇಶಗಳ ಎಟಿಎಂಗಳಿಂದ ಹಾಗೂ ಅಂತರರಾಷ್ಟ್ರೀಯ ವರ್ಗಾವಣೆಯ ಮೂಲಕ ಸುಮಾರು 94 ಕೋಟಿ ರೂಪಾಯಿ ದೋಚಿದರು. ಅಲ್ಲಿ ನಷ್ಟವಾದದ್ದು ಬ್ಯಾಂಕಿಗೆ, ಗ್ರಾಹಕರಿಗಲ್ಲ. ಠೇವಣಿಗೆ 5 ಲಕ್ಷ ರೂಪಾಯಿವರೆಗೆ ಇರುವ ವಿಮೆಯನ್ನು ಇಂಥ ವಂಚನೆಗೆ ಸಿಗುವ ಪರಿಹಾರವೆಂದು ಭಾವಿಸುವವರುಂಟು. ಅದು ಬ್ಯಾಂಕೇ ಮುಳುಗಿದಾಗ ಸಿಗುವ ರಕ್ಷಣೆ.

ಷೇರು ಪೇಟೆಯ ಖಾತೆಗಳಲ್ಲಿ ಅಪಾಯ ಮಧ್ಯವರ್ತಿಯಿಂದಲೂ ಬರಬಹುದು. ಗ್ರಾಹಕರು ಬರೆದುಕೊಟ್ಟ ಪವರ್ ಆಫ್ ಅಟಾರ್ನಿ ಬಳಸಿ ಅವರ ಷೇರುಗಳನ್ನು ದಲ್ಲಾಳಿ ಸಂಸ್ಥೆ ದುರುಪಯೋಗ ಮಾಡಿದ ಕಾರ್ವಿ ಪ್ರಕರಣದಲ್ಲಿ ಷೇರು ಪೇಟೆಯ ನಿಯಂತ್ರಕ ಸೆಬಿ 2019ರ ನವೆಂಬರ್‌ನಲ್ಲಿ ಆದೇಶ ಹೊರಡಿಸಿತು. ಈಗ ಷೇರು ಮಾರುವಾಗ ಡಿಮ್ಯಾಟ್ ಖಾತೆಯ ಪಿನ್ ಮತ್ತು ಒಟಿಪಿಯಿಂದ ಗ್ರಾಹಕರೇ ಒಪ್ಪಿಗೆ ಕೊಡುವ ವ್ಯವಸ್ಥೆ ಇದೆ. ಷೇರುಗಳ ದಾಖಲೆ ಇಟ್ಟುಕೊಳ್ಳುವ ಡಿಪಾಸಿಟರಿಯಿಂದ ಬರುವ ಒಟ್ಟು ಹೂಡಿಕೆಯ ಸ್ಟೇಟ್‌ಮೆಂಟನ್ನು ದಲ್ಲಾಳಿಯ ಆ್ಯಪ್ ತೋರಿಸುವ ಲೆಕ್ಕದೊಂದಿಗೆ ತಾಳೆ ನೋಡುವ ರೂಢಿ ಈ ಅಪಾಯವನ್ನು ಬೇಗ ಪತ್ತೆಹಚ್ಚುತ್ತದೆ.

ಖಾತೆದಾರರ ಕೈಯಲ್ಲಿರುವುದು

ಪಾಸ್‌ವರ್ಡಿನ ಬಗ್ಗೆ ಹಳೆಯ ಉಪದೇಶ ಬದಲಾಗಿದೆ. ದೊಡ್ಡಕ್ಷರ, ಅಂಕೆ, ಚಿಹ್ನೆ ಬೆರೆಸಿ ಮೂರು ತಿಂಗಳಿಗೊಮ್ಮೆ ಬದಲಿಸಬೇಕೆಂಬ ನಿಯಮದಿಂದ ಜನ ಕೊನೆಯ ಅಂಕೆಯನ್ನಷ್ಟೇ ಬದಲಿಸುತ್ತ ಹೋಗುತ್ತಾರೆಂದು ತಿಳಿದ ಮೇಲೆ, ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2017ರ ಮಾರ್ಗಸೂಚಿಯಲ್ಲಿ ಉದ್ದಕ್ಕೆ ಮಹತ್ವ ಕೊಟ್ಟು, ಸೋರಿದ ಸುಳಿವಿಲ್ಲದೆ ಬದಲಿಸಲು ಒತ್ತಾಯಿಸಬಾರದೆಂದಿತು. ಪರಸ್ಪರ ಸಂಬಂಧವಿಲ್ಲದ ನಾಲ್ಕೈದು ಪದ ಸೇರಿಸಿದ ಉದ್ದದ ಪಾಸ್‌ವರ್ಡ್ ನೆನಪಿಗೂ ಸುಲಭ, ಊಹೆಗೂ ಕಷ್ಟ. ಅದಕ್ಕಿಂತ ಮುಖ್ಯವಾದದ್ದು, ಬ್ಯಾಂಕಿನ ಪಾಸ್‌ವರ್ಡನ್ನು ಬೇರೆಲ್ಲೂ ಬಳಸದಿರುವುದು. ಯಾವುದೋ ಸಣ್ಣ ಜಾಲತಾಣದಿಂದ ಸೋರಿದ ಪಾಸ್‌ವರ್ಡುಗಳನ್ನು ಬೇರೆ ಕಡೆಗಳಲ್ಲೆಲ್ಲ ಯಂತ್ರದಿಂದಲೇ ಪ್ರಯತ್ನಿಸಿ ನೋಡುವುದು ಕಳ್ಳರ ನಿತ್ಯದ ಕೆಲಸ.

ಇಮೇಲಿಗೂ ಬ್ಯಾಂಕಿನಷ್ಟೇ ಕಾವಲು ಬೇಕು; ಪಾಸ್‌ವರ್ಡ್ ಮರೆತಾಗ ಬದಲಿಸುವ ಕೊಂಡಿ ಬಂದು ಬೀಳುವುದು ಅಲ್ಲಿ. ಸಿಮ್ ಕಾರ್ಡಿಗೆ ಪಿನ್ ಹಾಕುವವರು ಕಡಿಮೆ. ಕಳುವಾದ ಫೋನಿನ ಪರದೆ ಲಾಕ್ ಆಗಿದ್ದರೂ ಸಿಮ್ ತೆಗೆದು ಬೇರೆ ಫೋನಿಗೆ ಹಾಕಿದರೆ ಒಟಿಪಿಗಳೆಲ್ಲ ಅಲ್ಲಿಗೆ ಬರುತ್ತವೆ. ಸಿಮ್ ಪಿನ್ ಇದ್ದರೆ ಬರುವುದಿಲ್ಲ. ನಂಬರು ಬದಲಿಸಿದಾಗ ಬ್ಯಾಂಕಿಗೆ ತಿಳಿಸದಿರುವುದು ಇನ್ನೊಂದು ದೊಡ್ಡ ಲೋಪ. ಬಿಟ್ಟ ನಂಬರು 90 ದಿನಗಳ ನಂತರ ಬೇರೆಯವರ ಪಾಲಾಗಬಹುದು. ಆಮೇಲೆ ಆ ಖಾತೆಯ ಮೆಸೇಜುಗಳು ಹೋಗುವುದು ಅಪರಿಚಿತರಿಗೆ. ವಿದೇಶಕ್ಕೆ ಹೋದ ಕನ್ನಡಿಗರಲ್ಲಿ ರೀಚಾರ್ಜ್ ಮಾಡಿಸದೆ ಊರಿನ ನಂಬರು ಕಳೆದುಕೊಳ್ಳುವುದು ಸಾಮಾನ್ಯ. ಅಮೆರಿಕ, ಬ್ರಿಟನ್, ಯುಎಇ, ಸಿಂಗಪುರ ಸೇರಿ 10 ದೇಶಗಳ ನಂಬರನ್ನು ಎನ್‌ಆರ್‌ಇ, ಎನ್‌ಆರ್‌ಒ ಖಾತೆಗೆ ಜೋಡಿಸಿ ಯುಪಿಐ ಬಳಸಲು ಎನ್‌ಪಿಸಿಐ 2023ರ ಜನವರಿಯಲ್ಲಿ ದಾರಿ ಮಾಡಿತು.

ಬ್ಯಾಂಕಿನ ಜಾಲತಾಣವನ್ನು ಗುರುತಿಸುವುದಕ್ಕೆ ಬೀಗದ ಚಿಹ್ನೆ ನೆಚ್ಚತಕ್ಕದ್ದಲ್ಲ. ಕಳಿಸಿದ ಮಾಹಿತಿ ದಾರಿಯಲ್ಲಿ ಯಾರಿಗೂ ಓದಲು ಸಿಗದು ಎಂಬಷ್ಟನ್ನೇ ಅದು ಹೇಳುತ್ತದೆ. ಆ ತುದಿಯಲ್ಲಿ ಕುಳಿತವನು ಬ್ಯಾಂಕಿನವನೋ ಕಳ್ಳನೋ ಎಂದು ಹೇಳುವುದಿಲ್ಲ. ಗೂಗಲ್ ತನ್ನ ಕ್ರೋಮ್ ಬ್ರೌಸರಿನಲ್ಲಿ 2023ರಲ್ಲಿ ಆ ಚಿಹ್ನೆಯನ್ನೇ ಕೈಬಿಟ್ಟಿತು. ಭಾರತದ ಬ್ಯಾಂಕುಗಳು ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಕೊನೆಗೊಳ್ಳುವ ವಿಳಾಸಕ್ಕೆ 2025ರ ಅಕ್ಟೋಬರ್ 31ರೊಳಗೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ ಗಡುವು ಹಾಕಿತು. ಈ ವಿಳಾಸ ಬ್ಯಾಂಕುಗಳಿಗೆ ಬಿಟ್ಟು ಬೇರೆಯವರಿಗೆ ಸಿಗುವುದಿಲ್ಲ. ಹಾಗೆಯೇ ಬ್ಯಾಂಕುಗಳ ಸೇವಾ ಕರೆಗಳಿಗೆ 1600ರಿಂದ ಶುರುವಾಗುವ ಸಂಖ್ಯೆ ಮೀಸಲಾಗಿದೆ. ಗ್ರಾಹಕ ಸೇವೆಯ ನಂಬರನ್ನು ಗೂಗಲ್‌ನಲ್ಲಿ ಹುಡುಕುವ ಬದಲು ಕಾರ್ಡಿನ ಹಿಂಬದಿಯಿಂದಲೋ ಪಾಸ್‌ಬುಕ್ಕಿನಿಂದಲೋ ನೋಡಿಕೊಳ್ಳುವುದು ಲೇಸು.

ಮಿತಿ ಹಾಕುವುದೂ ಭದ್ರತೆಯೇ. ಉಳಿತಾಯದ ದೊಡ್ಡ ಮೊತ್ತವಿರುವ ಖಾತೆಗೆ ಯುಪಿಐ ಜೋಡಿಸದೆ, ದಿನಬಳಕೆಗೆ ಸಣ್ಣ ಮೊತ್ತದ ಬೇರೆ ಖಾತೆ ಇಟ್ಟುಕೊಂಡರೆ ಎಡವಿದರೂ ಪೂರ್ತಿ ಬೀಳುವುದಿಲ್ಲ. ಕಾರ್ಡಿನ ಆನ್‌ಲೈನ್ ಮಿತಿ ತಗ್ಗಿಸುವುದು, ವಿದೇಶಿ ಬಳಕೆ ಮುಚ್ಚಿಡುವುದು ಬ್ಯಾಂಕಿನ ಆ್ಯಪಿನಲ್ಲೇ ಆಗುವ ಕೆಲಸ. ವರ್ಷಕ್ಕೊಮ್ಮೆ ಉಚಿತವಾಗಿ ಸಿಗುವ ಕ್ರೆಡಿಟ್ ವರದಿಯಲ್ಲಿ, ಖಾತೆದಾರರ ಹೆಸರಿನಲ್ಲಿ ಬೇರೆ ಯಾರಾದರೂ ಸಾಲ ಎತ್ತಿದ್ದರೆ ಗೊತ್ತಾಗುತ್ತದೆ. ಮನೆಯವರಿಗೆ ಯಾವ ಬ್ಯಾಂಕಿನಲ್ಲಿ ಏನಿದೆ ಎಂಬ ಪಟ್ಟಿ ತಿಳಿದಿರಲಿ, ಆದರೆ ಅದರಲ್ಲಿ ಪಿನ್ ಬರೆಯುವುದು ಬೇಡ. ಖಾತೆದಾರರ ನಂತರ ಹಣ ಪಡೆಯಲು ನಾಮನಿರ್ದೇಶನ ಸಾಕು. 2025ರ ನವೆಂಬರ್ 1ರಿಂದ ಒಂದು ಖಾತೆಗೆ ನಾಲ್ವರವರೆಗೆ ನಾಮಿನಿ ಹೆಸರಿಸಬಹುದು.

ಹಣ ಹೋದ ಮೇಲೆ

ಖಾತೆಯಿಂದ ಹೋದ ಹಣ ಕೂಡಲೇ ಕಳ್ಳನ ಜೇಬು ಸೇರುವುದಿಲ್ಲ. ಕಮಿಷನ್ ಆಸೆಗೆ ಪಾಸ್‌ಬುಕ್, ಎಟಿಎಂ ಕಾರ್ಡು ಒಪ್ಪಿಸಿದವರ ಬಾಡಿಗೆ ಖಾತೆಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಹಾದು ಕೊನೆಗೆ ನಗದಾಗುತ್ತದೆ. ಈ ಓಟದ ನಡುವೆ ತಡೆದರೆ ಹಣ ಉಳಿಯುತ್ತದೆ. ಕೇಂದ್ರ ಗೃಹ ಸಚಿವಾಲಯದ 1930 ಸಹಾಯವಾಣಿ ಇರುವುದು ಇದಕ್ಕೆ. ಅಲ್ಲಿ ದಾಖಲಾದ ದೂರು ಹಣ ತಲುಪಿದ ಬ್ಯಾಂಕಿಗೆ ಹೋಗಿ, ಉಳಿದಿರುವ ಮೊತ್ತಕ್ಕೆ ತಡೆ ಬೀಳುತ್ತದೆ. ಹಣ ಮುಂದೆ ಸಾಗಿದ್ದರೆ ಮುಂದಿನ ಬ್ಯಾಂಕಿಗೆ ಸುದ್ದಿ ಹೋಗುತ್ತದೆ. ಮೊದಲ ಒಂದು ಗಂಟೆಯನ್ನು ಪೊಲೀಸರು ಗೋಲ್ಡನ್ ಅವರ್ ಎನ್ನುವುದು ಇದಕ್ಕೇ. ಬ್ಯಾಂಕಿಗೂ ಆಗಲೇ ತಿಳಿಸಿ ದೂರಿನ ಸಂಖ್ಯೆ ಪಡೆಯಬೇಕು. ದೇಶದ ಮೊದಲ ಸೈಬರ್ ಅಪರಾಧ ಠಾಣೆ 2001ರಲ್ಲಿ ಬೆಂಗಳೂರಿನಲ್ಲೇ ಆರಂಭವಾಯಿತು. ಈಗ ಜಿಲ್ಲೆಗಳಲ್ಲಿ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧ) ಠಾಣೆಗಳು ಈ ದೂರು ತೆಗೆದುಕೊಳ್ಳುತ್ತವೆ. ಬೇರೆಯವರ ಪಾಸ್‌ವರ್ಡ್ ಬಳಸುವುದು, ಕಂಪ್ಯೂಟರ್ ಮೂಲಕ ಸೋಗು ಹಾಕಿ ವಂಚಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ, 66ಡಿ ಕಲಮುಗಳಡಿ 3 ವರ್ಷದವರೆಗೆ ಶಿಕ್ಷೆಯ ಅಪರಾಧ.

ನಷ್ಟ ಯಾರದು ಎಂಬುದಕ್ಕೆ ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಚೌಕಟ್ಟು ಹಾಕಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸಹಕಾರಿ ಬ್ಯಾಂಕುಗಳಿಗೂ ಅಂಥದೇ ನಿಯಮ ಬಂತು. ಬ್ಯಾಂಕಿನ ಲೋಪವಿದ್ದರೆ ಗ್ರಾಹಕರ ಹೊಣೆ ಸೊನ್ನೆ. ಬ್ಯಾಂಕಿನದೂ ಗ್ರಾಹಕರದೂ ಅಲ್ಲದ ಮೂರನೆಯವರ ಕೃತ್ಯವಾಗಿದ್ದು 3 ಕೆಲಸದ ದಿನಗಳೊಳಗೆ ತಿಳಿಸಿದರೂ ಸೊನ್ನೆ. 4ರಿಂದ 7 ಕೆಲಸದ ದಿನಗಳೊಳಗೆ ತಿಳಿಸಿದರೆ ಸಾಮಾನ್ಯ ಉಳಿತಾಯ ಖಾತೆಯಲ್ಲಿ ಗ್ರಾಹಕರ ಪಾಲಿನ ನಷ್ಟ 10,000 ರೂಪಾಯಿ ಮೀರುವಂತಿಲ್ಲ. ಅದಕ್ಕೂ ತಡವಾದರೆ ಆಯಾ ಬ್ಯಾಂಕಿನ ನೀತಿಯಂತೆ. ದೂರು ಬಂದ 10 ಕೆಲಸದ ದಿನಗಳಲ್ಲಿ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ತುಂಬಬೇಕು, 90 ದಿನಗಳಲ್ಲಿ ಇತ್ಯರ್ಥ ಮಾಡಬೇಕು. ತಪ್ಪು ಗ್ರಾಹಕರದು ಎನ್ನುವುದಾದರೆ ಅದನ್ನು ಸಾಬೀತು ಮಾಡುವ ಭಾರ ಬ್ಯಾಂಕಿನದು. ಬ್ಯಾಂಕ್ 30 ದಿನಗಳಲ್ಲಿ ಉತ್ತರಿಸದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರಬಹುದು.

ಇತ್ಯರ್ಥವಾಗದ ಪ್ರಶ್ನೆ

ಆ ಸುತ್ತೋಲೆಯಲ್ಲೇ ಇನ್ನೊಂದು ಮಾತಿದೆ: ಗ್ರಾಹಕರು ಪಿನ್, ಒಟಿಪಿ ಹಂಚಿಕೊಂಡು ನಷ್ಟವಾದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ಗ್ರಾಹಕರದೇ. ತಿಳಿಸಿದ ನಂತರ ಹೋದದ್ದಷ್ಟೇ ಬ್ಯಾಂಕಿನ ಲೆಕ್ಕಕ್ಕೆ. ಕಾರ್ಡು ನಕಲು ಮಾಡುವುದೇ ಮುಖ್ಯ ಭಯವಾಗಿದ್ದ ಕಾಲಕ್ಕೆ ಈ ಭೇದ ಸರಿಹೊಂದುತ್ತಿತ್ತು. ಈಗಿನ ಮೋಸಗಳಲ್ಲಿ ಪಿನ್ ಒತ್ತುವವರು ಖಾತೆದಾರರೇ ಆದ್ದರಿಂದ ನಿಯಮದ ಆಸರೆ ತೀರಾ ಅಗತ್ಯವಿರುವವರಿಗೇ ಅದು ಸಿಗುವುದಿಲ್ಲ.

ಬೇರೆ ದೇಶಗಳು ಇದಕ್ಕೆ ಬೇರೆ ಬೇರೆ ಉತ್ತರ ಹುಡುಕಿವೆ. ಬ್ರಿಟನ್ 2024ರ ಅಕ್ಟೋಬರ್ 7ರಿಂದ, ಮೋಸಕ್ಕೆ ಬಿದ್ದು ಗ್ರಾಹಕರು ತಾವೇ ಕಳಿಸಿದ ಹಣಕ್ಕೂ 85,000 ಪೌಂಡ್‌ವರೆಗೆ ಪರಿಹಾರ ಕಡ್ಡಾಯ ಮಾಡಿತು. ಹಣ ಕಳಿಸಿದ ಬ್ಯಾಂಕ್ ಮತ್ತು ಪಡೆದ ಬ್ಯಾಂಕ್ ಅದನ್ನು ಅರ್ಧರ್ಧ ಭರಿಸಬೇಕು. ವಂಚಕನಿಗೆ ಖಾತೆ ತೆರೆದುಕೊಟ್ಟ ಬ್ಯಾಂಕೂ ಹೊಣೆ ಹೊರುವಂತಾದದ್ದು ಅದರ ವಿಶೇಷ. ಸಿಂಗಪುರ ಅದೇ ವರ್ಷದ ಡಿಸೆಂಬರ್‌ನಲ್ಲಿ ನಕಲಿ ಪುಟದಲ್ಲಿ ಮಾಹಿತಿ ತುಂಬಿಸಿಕೊಳ್ಳುವ ಫಿಶಿಂಗ್ ಪ್ರಕರಣಗಳ ಮಟ್ಟಿಗೆ, ಕರ್ತವ್ಯ ತಪ್ಪಿದ ಬ್ಯಾಂಕ್ ಮೊದಲು, ನಂತರ ಟೆಲಿಕಾಂ ಕಂಪನಿ ನಷ್ಟ ತುಂಬಬೇಕೆಂಬ ಕ್ರಮ ತಂದಿತು.

ಭಾರತದಲ್ಲಿ ಒತ್ತು ಬಿದ್ದಿರುವುದು ತಡೆಯುವುದರ ಮೇಲೆ. ಬೆಂಗಳೂರಿನಲ್ಲಿರುವ ರಿಸರ್ವ್ ಬ್ಯಾಂಕ್ ಇನ್ನೊವೇಶನ್ ಹಬ್, ಬಾಡಿಗೆ ಖಾತೆಗಳನ್ನು ವ್ಯವಹಾರದ ಮಾದರಿಯಿಂದಲೇ ಪತ್ತೆಹಚ್ಚುವ ಮ್ಯೂಲ್‌ಹಂಟರ್ ಎಂಬ ತಂತ್ರಾಂಶ ಸಿದ್ಧಪಡಿಸಿದೆ. ಎಸ್‌ಎಂಎಸ್ ಒಟಿಪಿಯೊಂದನ್ನೇ ನೆಚ್ಚದೆ ಫೋನಿನ ಬೆರಳಚ್ಚು, ಪಾಸ್‌ಕೀಯಂಥ ವಿಧಾನಗಳಿಗೂ ಎಡೆಮಾಡುವ ನಿರ್ದೇಶನವನ್ನು ರಿಸರ್ವ್ ಬ್ಯಾಂಕ್ 2025ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿ, 2026ರ ಏಪ್ರಿಲ್ 1ರಿಂದ ಜಾರಿ ಎಂದಿತು. ಪಾಸ್‌ಕೀಯಲ್ಲಿ ಗುಟ್ಟು ಫೋನು ಬಿಟ್ಟು ಹೊರಗೆ ಬರುವುದಿಲ್ಲ, ನಕಲಿ ಜಾಲತಾಣದಲ್ಲಿ ಅದು ಕೆಲಸವನ್ನೂ ಮಾಡುವುದಿಲ್ಲ. ಹಾಗಾಗಿ ಹೇಳಿಸಿಕೊಳ್ಳುವ, ತುಂಬಿಸಿಕೊಳ್ಳುವ ಮೋಸಗಳಿಗೆ ಅದು ಗಟ್ಟಿ ಉತ್ತರ. ಹೆದರಿಸಿಯೋ ಆಸೆ ತೋರಿಸಿಯೋ ಖಾತೆದಾರರ ಕೈಯಿಂದಲೇ ಕಳಿಸಿಕೊಳ್ಳುವ ಹಣಕ್ಕೆ ತಂತ್ರಜ್ಞಾನದಲ್ಲಿ ಅಂಥ ಉತ್ತರವಿಲ್ಲ. ದೊಡ್ಡ ಮೊತ್ತ ಹೊಸಬರ ಖಾತೆಗೆ ಹೋಗುವ ಮುನ್ನ ಕೆಲ ಹೊತ್ತಿನ ತಡೆ, ಪಡೆಯುವ ಬ್ಯಾಂಕಿನ ಮೇಲೂ ಹೊಣೆ, ಮತ್ತು ಕರೆ ಕತ್ತರಿಸಿ ಮನೆಯವರನ್ನೊಮ್ಮೆ ಕೇಳುವ ರೂಢಿ ಸೇರಿದರೆ ಮಾತ್ರ ಆ ದಾರಿ ಕಿರಿದಾಗುತ್ತದೆ.